ಅತ್ತಿಗೆಯ ಐದನೇ ಆವೃತ್ತಿ

ಅತ್ತಿಗೆಯ ಎಡಗೈಯಲ್ಲಿ ಬಳೆಗಿಂತ ಹೆಚ್ಚು ರಬ್ಬರ್ ಬ್ಯಾಂಡ್‌ಗಳಿರುತ್ತಿದ್ದವು. ಮಾತ್ರೆ ಕಟ್ಟಿ ಕೊಟ್ಟದ್ದು, ಸೊಪ್ಪಿನ ಕಟ್ಟಿಗೆ ಹಾಕಿದ್ದು, ಸಿಕ್ಕಿದ್ದೆಲ್ಲ ಮಣಿಕಟ್ಟಿಗೆ. ಒಂದೊಂದು ಬ್ಯಾಂಡ್ ಎಂದರೆ ಅವಳ ಪ್ರೋಗ್ರಾಮಿನಲ್ಲಿ ಇನ್ನೂ ಸರಿಯಾಗದ ಒಂದೊಂದು ತಪ್ಪು, ಅವಳ ಮಾತಿನಲ್ಲಿ ಬಗ್. ಮದುವೆಮನೆಗೂ ಹಾಗೇ ಬರುತ್ತಿದ್ದಳು. "ರೇಷ್ಮೆ ಸೀರೆಗೆ ಇದೆಂತ ಒಡವೆಯೇ, ತೆಗಿ ಮಾರಾಯ್ತಿ" ಎಂದರೆ, "ಬಗ್ ಹೋಗ್ಲಿ, ಅದೂ ಹೋಗ್ತದೆ" ಎನ್ನುತ್ತಿದ್ದಳು. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಚರ್ಮದ ಮೇಲೆ ಕೆಂಪು ಗೆರೆ ಬಿದ್ದು ಹಾಗೇ ಉಳಿದಿತ್ತು.

ಅಣ್ಣನ ಹೆಂಡತಿ ಅವಳು. ನನಗಿಂತ ಸ್ವಲ್ಪವೇ ದೊಡ್ಡವಳು, ಹಾಗಾಗಿ ಬಹುವಚನ ಮೊದಲ ವಾರದಲ್ಲೇ ಬಿದ್ದುಹೋಯಿತು. ಬಾಳೆಹೊನ್ನೂರಿನ ಅಂಗಡಿ ಮನೆತನದವಳು, ಕೊಪ್ಪದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಶೃಂಗೇರಿಯ ನಮ್ಮ ಮನೆಯಿಂದ ದಿನಾ ಬಸ್ಸು. ಪಾಠ ಹೊಟ್ಟೆಪಾಡು, ಪ್ರಾಣ ಮಾತ್ರ ಅವಳೇ ಕಟ್ಟಿದ ಲೈಬ್ರರಿಯಲ್ಲಿ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಬೇರೆಯವರು ತಮ್ಮ ಪ್ರೋಗ್ರಾಮುಗಳಲ್ಲಿ ಬಳಸಿಕೊಳ್ಳಲು ಬರೆದಿಟ್ಟ ಸಣ್ಣ ಸಣ್ಣ ಫಂಕ್ಷನ್‌ಗಳು. ಪಟ್ಟಿ ಕೊಟ್ಟರೆ ಗುಂಪು ಮಾಡಿ ಕೊಡುವುದು ಒಂದು, ಜೋಡಿಸಿ ಕೊಡುವುದು ಇನ್ನೊಂದು. ಫಂಕ್ಷನಲ್ ಪ್ರೋಗ್ರಾಮಿಂಗ್ ಅಂತೆ. "ಕೊಟ್ಟದ್ದನ್ನ ಮುಟ್ಟಬಾರ್ದು, ಹೊಸದು ಮಾಡಿ ಕೊಡ್ಬೇಕು. ಒಂದೇ ಪ್ರಶ್ನೆಗೆ ಯಾವತ್ತು ಕೇಳಿದ್ರೂ ಒಂದೇ ಉತ್ತರ ಬರ್ಬೇಕು" ಎಂದು ನನಗೆ ತಿಳಿಯುವಂತೆ ಹೇಳಿದ್ದಳು. ಯಾವ ಯಾವ ದೇಶದವರೋ ಅದನ್ನು ಬಳಸುತ್ತಿದ್ದರು. ಪುಕ್ಕಟೆ!

ಹೊಸ ಆವೃತ್ತಿ ಬಿಡುವ ಮುಂಚೆ ಅದರಲ್ಲಿ ಏನೇನು ಬದಲಾಗಿದೆ ಎಂಬ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಬರೆದು, ಅಡುಗೆಮನೆಗೆ ಬಂದು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಸೌತೆಕಾಯಿ ಹೆಚ್ಚುತ್ತ "ಎಂತ ಹೇಳ್ತಿದ್ದಿ, ಒಂದೂ ತಿಳೀಲಿಲ್ಲ" ಎಂದರೆ ಮುಖ ಊದಿಸಿಕೊಂಡು ಹೋಗಿ ತಿದ್ದಿ ತರುತ್ತಿದ್ದಳು. ಆ ಟಿಪ್ಪಣಿಗಳು ಬಳಸುವವರಿಗೆಲ್ಲ ಇ-ಮೇಲ್‌ನಲ್ಲಿ ಹೋಗುತ್ತಿದ್ದವು, ಆ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿಟ್ಟಿದ್ದಳು. ನನಗೆ ಅದೊಂದು ಪೀಡೆಯಾಗಿತ್ತು.

ನನ್ನದು ಶಾಲಾ ಮಕ್ಕಳ ವ್ಯಾನ್. ಬೆಳಿಗ್ಗೆ ಬಂದ ಮಕ್ಕಳ ಹೆಸರು ಫೋನಿನಲ್ಲಿ ಒತ್ತಿದರೆ, ಸಂಜೆ ಯಾವ ಟ್ರಿಪ್ಪಿನಲ್ಲಿ ಯಾರ್ಯಾರು ಎಂದು ಅದೇ ಹಂಚಿ ತೋರಿಸುತ್ತಿತ್ತು. ಅತ್ತಿಗೆಯೇ ಮಾಡಿಕೊಟ್ಟ ಪ್ರೋಗ್ರಾಮ್, ಒಳಗಿದ್ದದ್ದು ಅವಳದೇ ಲೈಬ್ರರಿ. ಒಂದು ರಜೆಯಲ್ಲಿ ಅದಕ್ಕೆ ಹೊಸ ಆವೃತ್ತಿ ಹಾಕಿಕೊಟ್ಟಳು. ಹೊರಗಿನ ಯಾರೋ ಬರೆದು ಕಳಿಸಿದ್ದನ್ನು ಒಪ್ಪಿ ಸೇರಿಸಿದ್ದಳಂತೆ. ಗುಂಪು ಮಾಡುವ ಕೆಲಸ ಈಗ ಬೇಗ ಆಗುತ್ತದೆ ಎಂದಳು. ನಮಗೇನು ಅವಸರವಿತ್ತೋ ದೇವರೇ ಬಲ್ಲ.

ಶಾಲೆ ಶುರುವಾದ ಮೇಲೆ ಒಂದು ಸಂಜೆ ಎರಡು ಟ್ರಿಪ್ ಮುಗಿಸಿದ ಡ್ರೈವರ್ ಫೋನ್ ನೋಡಿದ. ಮುಂದೆ ಯಾರ ಹೆಸರೂ ಇರಲಿಲ್ಲ. ಗಾಡಿ ತಂದು ನಿಲ್ಲಿಸಿ ಮನೆಗೆ ಹೋದ. ಬೇಗಾರಿನ ಒಂದನೇ ಕ್ಲಾಸಿನ ಹುಡುಗಿ ಶಾಲೆಯ ಜಗಲಿಯಲ್ಲೇ ಉಳಿದಿದ್ದಳು. ಮೂರನೇ ಟ್ರಿಪ್ಪಿಗೆ ಅವತ್ತು ಅವಳೊಬ್ಬಳೇ. ಅವಳ ಅಮ್ಮ ಫೋನ್ ಮಾಡಿ ಕಿರುಚಿದಾಗಲೇ ನನಗೆ ಗೊತ್ತಾದದ್ದು. ನಾನೇ ಓಡಿದೆ. ಗೇಟಿಗೆ ಬೀಗ ಬಿದ್ದಿತ್ತು, ಮಗು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿತ್ತು. ಅತ್ತೂ ಅತ್ತೂ ಬಿಕ್ಕಳಿಕೆ ಹಿಡಿದಿತ್ತು.

ಮಗುವನ್ನು ಬೇಗಾರಿಗೆ ಬಿಟ್ಟು ಮನೆಗೆ ಬಂದವಳೇ ಅತ್ತಿಗೆಯ ಮೇಲೆ ಹರಿಹಾಯ್ದೆ. "ನಿನ್ನ ಕಂಪ್ಯೂಟರ್ ತಗೊಂಡು ಹೋಗಿ ತುಂಗೆಗೆ ಹಾಕು!" ಅವಳು ನನ್ನ ಫೋನ್ ಕಿತ್ತುಕೊಂಡು ಕೂತಳು. ಸ್ವಲ್ಪ ಹೊತ್ತಿನಲ್ಲಿ ಎದ್ದು ಬಂದು, "ಕೊನೆಗೆ ಇಬ್ಬರೋ ಮೂವರೋ ಉಳಿದ್ರೆ ಸರಿ ತೋರಿಸ್ತದೆ. ಒಂದೇ ಉಳಿದ್ರೆ ಬಿಟ್ಟುಹಾಕ್ತದೆ. ನೋಡದೆ ಒಪ್ಪಿದ್ದು ನಾನೇ. ನಡಿ, ಬೇಗಾರಿಗೆ ಹೋಗೂದು" ಎಂದಳು.

ಆ ಮನೆಯ ಅಂಗಳದಲ್ಲಿ ನಿಂತು, "ತಪ್ಪು ಡ್ರೈವರ್‌ದಲ್ಲ, ಇವಳದ್ದೂ ಅಲ್ಲ. ನಂದು" ಎಂದಳು. ಮಗುವಿನ ಅಮ್ಮ ಅವಳನ್ನೇ ನೋಡಿ, "ನಿಮ್ಮ ಕಂಪ್ಯೂಟರ್ ಕತೆ ನಂಗೆ ಬೇಡ ಅಕ್ಕ. ನಾಳೆ ನನ್ನ ಕೂಸು ಮನೆಗೆ ಬತ್ತದಾ ಇಲ್ವಾ, ಅದೊಂದು ಹೇಳಿ" ಎಂದಳು.

"ಬರ್ತದೆ. ಗಾಡಿಯಲ್ಲಿ ನಾನೇ ಕೂತ್ಕೊಂಡು ಬರ್ತೇನೆ."

ಹೇಳಿದಂತೆ ಕಾಲೇಜಿಗೆ ರಜೆ ಹಾಕಿ, ಬಗ್ ಸರಿಯಾಗುವವರೆಗೆ ವ್ಯಾನಿನಲ್ಲಿ ಓಡಾಡಿದಳು. ಮಡಿಲಲ್ಲಿ ಲ್ಯಾಪ್‌ಟಾಪ್, ಪಕ್ಕದಲ್ಲಿ ಆ ಮಗು.

ಸರಿಯೇನೋ ಆಯಿತು. ಇನ್ನೊಮ್ಮೆ ಹಾಗಾದರೆ ತಾನಾಗಿ ಹಿಡಿಯುವಂತೆ "ಒಂದೇ ಉಳಿದರೆ" ಎಂಬ ಪರೀಕ್ಷೆಯೊಂದನ್ನೂ ಲೈಬ್ರರಿಯೊಳಗೆ ಬರೆದಿಟ್ಟಳು. ಆಮೇಲೆ ಶುರುವಾಯಿತು ಜಗಳ. ಆವೃತ್ತಿಯ ನಂಬರಿನಲ್ಲಿ ಕೊನೆಯ ಅಂಕಿ ಬದಲಾದರೆ ಸಣ್ಣ ತಿದ್ದುಪಡಿ, ಯಾರೂ ಗಮನಿಸುವುದಿಲ್ಲ, ಮೊದಲ ಅಂಕಿ ಬದಲಾದರೆ ಎಲ್ಲರೂ ನಿಂತು ನೋಡುತ್ತಾರೆ. ನಾನು ಹೇಳಿದೆ, "ಗದ್ದಲ ಎಬ್ಬಿಸ್ಬೇಡ. ಕೊನೇ ನಂಬರ್ ಒಂದು ಹೆಚ್ಚು ಮಾಡಿ ಸುಮ್ಮನೆ ಬಿಡು." ಅವಳು ಕೇಳಲಿಲ್ಲ. ಈ ತಪ್ಪಿಗೆ ಹೊಂದಿಕೊಂಡು ಬರೆದವರೂ ಇರುತ್ತಾರೆ, ಅವರು ನಿಂತು ಓದಬೇಕು ಎಂದು ಮೊದಲ ಅಂಕಿಯನ್ನೇ ಬದಲಿಸಿ ಐದನೇ ಆವೃತ್ತಿ ಮಾಡಿದಳು. ಟಿಪ್ಪಣಿಯ ಮೊದಲ ಸಾಲನ್ನು ನನಗೆ ಹೇಳಿದಳು: "ಕೊನೆಗೆ ಒಂದೇ ಉಳಿದಾಗ ಈ ಫಂಕ್ಷನ್ ಅದನ್ನು ಕಳೆದುಹಾಕುತ್ತಿತ್ತು. ತಪ್ಪು ನನ್ನದು." ಅವತ್ತು ಮಾತ್ರ ತಿಳಿಯಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೊರದೇಶದ ಒಂದು ಕಂಪನಿ ಸಿಡಿದುಬಿತ್ತು. ಅವರಿಗೆ ಈ ತಪ್ಪು ಮೊದಲೇ ಗೊತ್ತಿತ್ತಂತೆ. ಬಿಟ್ಟುಹೋದದ್ದನ್ನು ತಾವೇ ಸೇರಿಸಿಕೊಂಡು ತೆಪ್ಪಗಿದ್ದರಂತೆ. ಈಗ ಅವರಲ್ಲಿ ಅದು ಎರಡೆರಡು ಸಲ ಬರುತ್ತಿತ್ತು. ಮೊದಲಿನಂತೆ ಮಾಡಿ, ಇಲ್ಲವಾದರೆ ಬಿಟ್ಟುಹೋಗುತ್ತೇವೆ, ಬೇರೆಯವರಿಗೂ ಹೇಳುತ್ತೇವೆ ಎಂದು ಬರೆದರು. ಅತ್ತಿಗೆ ಅವರ ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಏನು ತಿದ್ದಬೇಕೆಂದು ಕೂತು ತಾನೇ ಬರೆದು ಕಳಿಸಿದಳು. ಅವರು ಅದನ್ನು ಮೂಸಿಯೂ ನೋಡಲಿಲ್ಲ.

"ಹಠ ಎಂತಕ್ಕೆ? ನಮ್ಮ ವ್ಯಾನಿಗೆ ಸರಿಯಾಯ್ತಲ್ಲ" ಎಂದೆ.

"ಇನ್ನೆಲ್ಲೋ ಯಾರದ್ದೋ ವ್ಯಾನಿದ್ರೆ?" ಎಂದಳು. "ಅವ್ರ ಜೊತೆ ಎಷ್ಟು ದಿನ ಬೇಕಾದ್ರೂ ಕೂತು ತಿದ್ದಿ ಕೊಡ್ತೇನೆ. ತಪ್ಪನ್ನ ವಾಪಸ್ ತರೂದಿಲ್ಲ."

ಕಂಪನಿ ಬಿಟ್ಟುಹೋಯಿತು, ಅವರ ಹಿಂದೆ ಇನ್ನೂ ಹಲವರು. ನನ್ನ ವ್ಯಾನಿನಿಂದಲೂ ಕೆಲವರು ಮಕ್ಕಳನ್ನು ಬಿಡಿಸಿದರು, ಡ್ರೈವರ್‌ಗೆ ಸಂಬಳ ಕೊಡಲಾಗದೆ ಗಾಡಿ ನಾನೇ ಓಡಿಸತೊಡಗಿದೆ. ಅತ್ತಿಗೆ ಒಂದೆರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ಆದರೆ ಐದು ಐದಾಗಿಯೇ ನಿಂತಿತು.

ಹೋದ ವರ್ಷ ಅವಳೂ ಹೋದಳು. ಕಾಯಿಲೆ ಗೊತ್ತಾದ ಮೇಲೆ ಬಹಳ ಸಮಯ ಸಿಗಲಿಲ್ಲ. ಮಲಗಿದಲ್ಲೇ ಲೈಬ್ರರಿಯನ್ನು ದೂರದ ಒಬ್ಬನಿಗೆ ಒಪ್ಪಿಸಿದಳು. ನನಗೆ ಏನೂ ಹೇಳಲಿಲ್ಲ. ನಾನೇನು ಕೋಡ್ ಬರೆಯುವವಳೇ?

ಮೇಲ್‌ಗಳು ಮಾತ್ರ ಬರುತ್ತಲೇ ಇದ್ದವು. ಈ ಮಳೆಗಾಲ ಶುರುವಾಗುವ ಹೊತ್ತಿಗೆ ಆ ಹೊಸಬ ಬರೆದಿದ್ದ: ಹಳೆಯ ಪರೀಕ್ಷೆಗಳನ್ನು ಗುಡಿಸಿ ಚೊಕ್ಕ ಮಾಡುತ್ತಿದ್ದೇನೆ, "ಒಂದೇ ಉಳಿದರೆ" ಎಂಬುದು ಇನ್ನೊಂದು ಪರೀಕ್ಷೆಯಲ್ಲೇ ಅಡಗಿದೆ, ತೆಗೆಯುತ್ತೇನೆ, ಯಾರದಾದರೂ ಆಕ್ಷೇಪವಿದೆಯೇ? ಯಾರೂ ಉತ್ತರಿಸಿರಲಿಲ್ಲ. ವ್ಯಾನ್ ನಿಲ್ಲಿಸಿ, ಸ್ಟೇರಿಂಗಿಗೆ ಫೋನ್ ಒರಗಿಸಿಕೊಂಡು, ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ: "ಆಕ್ಷೇಪವಿದೆ. ನಾನು ವ್ಯಾನ್ ಓಡಿಸುವವಳು. ಒಂದು ಮಗು ಶಾಲೆಯಲ್ಲಿ ಉಳಿದಿತ್ತು. ಅದಕ್ಕಾಗಿ ಬರೆದದ್ದು ಅದು. ಎರಡಿದ್ದರೆ ಎರಡಿರಲಿ."

ಅವನು ಏನೇನೋ ವಿವರಿಸಿದ. ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ, ಮತ್ತೆ ಹೇಳಿ ಎಂದು ಬರೆದೆ. ಅವನು ಮತ್ತೆ ಬರೆದ, ನಾನು ಮತ್ತೆ ಕೇಳಿದೆ. ಕೊನೆಗೆ ಅವನು, ಇರಲಿ, ತೆಗೆಯುವುದಿಲ್ಲ ಎಂದ.

ಅತ್ತಿಗೆ ತೀರಿಕೊಂಡಾಗ ಮನೆ ತುಂಬ ಜನ, ನನಗೆ ಅಳಲು ಪುರಸೊತ್ತಾಗಿರಲಿಲ್ಲ. ಅವನ ಆ ಉತ್ತರ ಬಂದ ದಿನ ವ್ಯಾನಿನಲ್ಲಿ ಕೂತು ಅತ್ತುಬಿಟ್ಟೆ. ಮುಖ ಒರೆಸಿಕೊಂಡು, ಮಕ್ಕಳನ್ನು ಕರೆತರಲು ಹೊರಟೆ.