ಹುಲ್ಲಿನ ಕೆಳಗಿನ ಬಿಸಿ

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ತುಕಾರಾಮ ಕಮಲಾಪುರದವನು. ಅವನ ಅಪ್ಪ ಮಾಪಣ್ಣ ಅಲ್ಲಿನ ಕೆಂಪು ಬಾಳೆಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಹಾಕುವ ಕೆಲಸದವನು. ಆ ಬಾಳೆ ಕಾಯಾಗಿದ್ದಾಗಲೂ ಕೆಂಪೇ, ಕಣ್ಣನ್ನು ನಂಬುವ ಹಾಗಿಲ್ಲ. ಮಾಪಣ್ಣ ಹುಲ್ಲಿನ ಮೇಲೆ ಅಂಗೈಯಿಟ್ಟು, ಬಿಸಿ ನೋಡಿ, ಹಣ್ಣಾಯಿತೋ ಇಲ್ಲವೋ ಹೇಳುತ್ತಿದ್ದ.

ಮಗ ಹಿಡಿದದ್ದು ಆಕಾಶದ ಬಿಸಿ. ಸುರುಳಿ ಗೆಲಾಕ್ಸಿಗಳ ನಡುಭಾಗದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಸುತ್ತಲಿನ ಧೂಳು ಅವುಗಳ ಬೆಳಕನ್ನು ನುಂಗಿ, ಕಾದು, ಕಣ್ಣಿಗೆ ಕಾಣದ ಅವಗೆಂಪು ಕಿರಣ ಸೂಸುತ್ತದೆ. ಉಪಗ್ರಹ ಅಳೆದ ಅಂಕಿಗಳ ಝೆರಾಕ್ಸ್ ಹರವಿಕೊಂಡು ತುಕಾರಾಮ ಆರು ವರ್ಷ ದುಡಿದು ಪಿಎಚ್.ಡಿ. ಪ್ರಬಂಧ ಬರೆದ.

ಮಾರ್ಗದರ್ಶಕರು ನಮ್ಮದೇ ಕಾಲೇಜಿನ ನರಸಿಂಹಾಚಾರ್ಯರು. ಪ್ರಬಂಧದ ರಟ್ಟು ದಾಟಿ ಒಳಗೆ ಹೋದವರಲ್ಲ. ಮಾರ್ಗ ಗೊತ್ತಿಲ್ಲದಿದ್ದರೂ ದರ್ಶನ ಮಾತ್ರ ಧಾರಾಳ.

"ಗೆಲಾಕ್ಸಿ ಫೋಟೋದಾಗ ನಡುವು ಕರ್ರಗದ. ಕಾಣಲಾರದ್ದನ್ನ ಅದ ಅಂದ್ರ ಹ್ಯಾಂಗೋ?" ಎಂದರು ಒಮ್ಮೆ.

ತುಕಾರಾಮ ಅಪ್ಪನ ಅಂಗೈಯ ಮಾತು ಹೇಳಿದ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಅವನು 'ಬಾಳೆಹಣ್ಣಿನ ಪಂಡಿತ'. ಆಚಾರ್ಯರ ಜೊತೆ ನಾನೂ ನಕ್ಕೆ. ನೆನೆದರೆ ಈಗಲೂ ನಾಚಿಕೆ.

೧೯೯೪ರಲ್ಲಿ ಮೌಖಿಕ ಪರೀಕ್ಷೆ ಗೊತ್ತಾಯಿತು. "ಪರೀಕ್ಷಕರು ಒಪ್ಪಲಿಲ್ಲಂದ್ರ ನಾನೂ ಒಪ್ಪಂಗಿಲ್ಲ ನೋಡು," ಎಂದು ಆಚಾರ್ಯರು ಮೊದಲೇ ಕೈ ತೊಳೆದುಕೊಂಡರು. ತುಕಾರಾಮನ ಆರು ವರ್ಷದ ದುಡಿಮೆ ನೀರುಪಾಲಾಗಬಹುದಾದ ಹೊತ್ತಿನಲ್ಲೂ ಅವರಿಗೆ ಪರೀಕ್ಷೆಗೆ ಬರುವ ಅತಿಥಿಗೆ ಕೊಡಲು ಕೆಂಪು ಬಾಳೆ ಬೇಕಿತ್ತು. ತುಕಾರಾಮ ಹುಲ್ಲು ಮುಚ್ಚಿದ ಬುಟ್ಟಿ ತಂದು ಅವರ ಕೋಣೆಯಲ್ಲಿಟ್ಟ.

"ಮ್ಯಾಲ ಕೈ ಇಟ್ಟು ನೋಡ್ರಿ ಸರ್. ಬಿಸಿ ಹತ್ತೋತನಾ ತೆಗೀಬ್ಯಾಡ್ರಿ."

ಬುಟ್ಟಿಗೆ ಕೈಯಿಡುವುದು ಆಚಾರ್ಯರ ಘನತೆಗೆ ಸರಿಹೋಗಲಿಲ್ಲ. ಮರುದಿನ ಹುಲ್ಲು ಸರಿಸಿ ಇಣುಕಿದರು. ಕೆಂಪಗೆ ಕಂಡಿತು, ತೆಗೆದು ತಟ್ಟೆಗೆ ಜೋಡಿಸಿಬಿಟ್ಟರು.

ಪರೀಕ್ಷೆಗೆ ಬಂದ ಪ್ರೊಫೆಸರ್ ಖುರ್ಷೀದ್ ಬೇಗಂ ಕಲಬುರಗಿಯ ಶಹಾಬಜಾರದಲ್ಲೇ ಹುಟ್ಟಿ ಬೆಳೆದವರು. ಒಂದು ತುತ್ತು ಕಚ್ಚಿ ಮುಖ ಕಿವುಚಿದರು.

"ಇದು ಕಾಯಿ ಅದರಿ ಆಚಾರ್ರೇ!"

"ಕೆಂಪಗ ಕಾಣ್ತಿತ್ತಲ್ರೀ ಮೇಡಂ..."

"ಕಮಲಾಪುರದ ಬಾಳಿ ಬಣ್ಣ ನೋಡಿ ತೆಗೀತಾರೇನ್ರಿ? ಹುಲ್ಲಿನ ಮ್ಯಾಲ ಕೈ ಇಟ್ಟು ನೋಡ್ತಾರ," ಎಂದವರು ಪ್ರಬಂಧವನ್ನು ಮುಂದಕ್ಕೆಳೆದುಕೊಂಡರು. "ಇಡೀ ಪ್ರಬಂಧದಾಗ ನಿಮ್ಮ ಹುಡುಗ ಇದನ್ನೇ ಬರದಾನ. ನೀವು ಓದಿಲ್ಲೇನು?"

ಆಚಾರ್ಯರು ತಟ್ಟೆಯಿಂದ ಒಂದನ್ನು ಎತ್ತಿ ಸುಲಿಯತೊಡಗಿದರು. ಬೇಗಂ ಒಪ್ಪಿಗೆಯ ವರದಿಗೆ ಸಹಿ ಹಾಕಿ ಪೆನ್ನನ್ನು ಅವರತ್ತ ಚಾಚಿದರು. ಎಡಗೈಯಲ್ಲಿ ಅರ್ಧ ಸುಲಿದ ಕಾಯಿ ಹಿಡಿದುಕೊಂಡೇ ಆಚಾರ್ಯರು ಒಪ್ಪಿಗೆ ಬರೆದರು.