ಅಕ್ಕ ಬೋಟಿನಲ್ಲಿ ಉಂಡ ಅನ್ನ

ನಮ್ಮೂರಿನ ಕೆರೆಗೆ ಯಾರೂ ಇಳಿಯುವುದಿಲ್ಲ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಕೊಡ ಮುಳುಗಿಸಿ, ತುಂಬಿಕೊಂಡು ಬರುವುದಷ್ಟೇ. ಅಲ್ಲಿ ಕಾಲು ತೊಳೆದರೆ ಬೈಗುಳ, ಬಟ್ಟೆ ಅದ್ದಿದರೆ ಪಂಚಾಯ್ತಿ. ಕುಡಿಯುವ ನೀರು ಅದೊಂದೇ. ಬಾವಿ ತೋಡಿದರೆ ಸವುಳು ನೀರು ಬರುವ ಎರೆ ನೆಲ ನಮ್ಮದು. ಹೀಗಾಗಿ ತಿರ್ಲಾಪುರದಲ್ಲಿ ಹುಟ್ಟಿದ ನಮ್ಮಂಥವರಿಗೆ ಈಜು ಬರುವುದಿಲ್ಲ. ಈಜು ಹಾಗಿರಲಿ, ಸೊಂಟದವರೆಗೆ ನೀರಿನಲ್ಲಿ ನಿಂತರೆ ಮೈಗೆ ಹೇಗಾಗುತ್ತದೆ ಎಂಬುದೂ ಗೊತ್ತಿಲ್ಲ. ನೀರು ಎಂದರೆ ಇಟ್ಟಲ್ಲಿ ಇರುವಂಥದ್ದು ಎಂದು ತಿಳಿದವರು ನಾವು. ಅಕ್ಕ ಹಾಗೆ ತಿಳಿದಿದ್ದರೆ ತಪ್ಪಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಉಬ್ಬರ ಇಳಿತದ ಪಾಠ ಮಾಡಿದ ನಾನೂ ಹಾಗೇ ತಿಳಿದಿದ್ದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಅರಿವೆ ಹಾಕಿದ್ದು, ನಾನು ಓದಿ ಟೀಚರಾಗಲೇಬೇಕೆಂದು ಅಪ್ಪನ ಜೊತೆ ಜಗಳ ತೆಗೆದದ್ದು ಎಲ್ಲ ಅವಳೇ. ಗಂಡ ಸತ್ತ ಮೇಲೆ ನನ್ನ ಮನೆಗೆ ಬಂದಳು. ನಾನು ಮದುವೆಯಾದವಳಲ್ಲ. ಇಪ್ಪತ್ತು ವರ್ಷ ನಾವಿಬ್ಬರೇ ಇದ್ದೆವು. ನನ್ನ ಸ್ವಭಾವ ಊರಿಗೇ ಗೊತ್ತು, ಮನೆಯಲ್ಲೂ ಬೆತ್ತ ಹಿಡಿದವಳ ಹಾಗೆ ಮಾತಾಡುತ್ತೇನೆ. ಅಕ್ಕ ಎಲ್ಲದಕ್ಕೂ ಹೂಂಗುಟ್ಟುವಳು. ಅವಳು ಒಲ್ಲೆನೆಂದರೆ ಅದು ಒಂದೇ ವಿಷಯಕ್ಕೆ: ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ.

ಅವಳು ಕೂಸಿದ್ದಾಗ ಮಠದ ಅಯ್ಯನವರು ಕಟ್ಟಿದ ಲಿಂಗ ಅದು. ನೇರಳೆ ಹಣ್ಣಿಗಿಂತ ತುಸು ದೊಡ್ಡದು, ಕಪ್ಪು, ತಳ ಚಪ್ಪಟೆ. ಅದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದಳು. ಸ್ನಾನವಾದ ಮೇಲೆ ಪಡಸಾಲೆಯಲ್ಲಿ ಬಂದುಹೋಗುವವರ ಎದುರಿಗೇ ಕುಳಿತು, ಕರಡಿಗೆ ತೆರೆದು, ಲಿಂಗವನ್ನು ಎಡಗೈಯ ಅಂಗೈಮೇಲಿಟ್ಟು ನೀರೆರೆದು, ವಿಭೂತಿ ಧರಿಸಿ, ಪತ್ರಿ ಏರಿಸಿ, ಅದರ ಮೇಲೆ ದೃಷ್ಟಿ ನೆಟ್ಟು ಕೂಡುವಳು. ಲಿಂಗ ಮೈಮೇಲಿಲ್ಲದೆ ಉಂಡದ್ದು ಊಟವಲ್ಲ, ಪಾಪ ಎಂಬುದು ಅವಳ ನಂಬಿಕೆ. ಸತ್ತ ಮೇಲೆ ಮಣ್ಣಿನಲ್ಲಿ ಕೂರಿಸುವಾಗಲೂ ಅಂಗೈಯಲ್ಲಿ ಇರಬೇಕಾದದ್ದು ಅದೇ. ನನ್ನ ಲಿಂಗ ದೇವರ ಕೋಣೆಯ ಮೊಳೆಗೆ ತೂಗುಬಿದ್ದು ಎಷ್ಟೋ ವರ್ಷಗಳಾಗಿದ್ದವು. ‘ನಿನಗ ಮೊದಲ ಹಸಿವೋ, ಆ ಲಿಂಗಕ್ಕೋ?’ ಎಂದು ಕಾಡಿಸಿದರೆ ನಗುತ್ತಿದ್ದಳು.

ನಾನು ನಿವೃತ್ತಳಾದ ವರ್ಷ ಶಾಲೆಯ ನಾಲ್ವರು ಟೀಚರ್‌ಗಳು ಸಮುದ್ರಕ್ಕೆ ಹೋಗೋಣವೆಂದು ಹಟ ಹಿಡಿದರು. ಕಾರವಾರದ ಕಡೆ ದಿನಪೂರ್ತಿ ಬೋಟಿನಲ್ಲಿ ಸುತ್ತಿಸುವವರಿದ್ದಾರೆ. ಬೆಳಿಗ್ಗೆ ಹತ್ತಿಸಿಕೊಂಡು, ಮೂರು ದಂಡೆಗಳಲ್ಲಿ ಇಳಿಸಿ, ನೀರಿನಲ್ಲಿ ಆಡಲು ಬಿಟ್ಟು, ಸಂಜೆಗೆ ತಂದು ಬಿಡುತ್ತಾರೆ. ಅಕ್ಕ ಸಮುದ್ರ ಕಂಡವಳಲ್ಲ. ಜನ್ಮವಿಡೀ ನನಗಾಗಿ ದುಡಿದವಳಿಗೆ ಇದನ್ನಾದರೂ ತೋರಿಸುತ್ತೇನೆ ಎಂಬ ಹಮ್ಮು ನನಗೆ. ಕರೆದುಕೊಂಡು ಹೋದೆ.

ಲಾಡ್ಜಿನಲ್ಲಿ ಆರು ಹೆಂಗಸರಿಗೆ ಒಂದೇ ಬಚ್ಚಲು. ಯಾರಾದ ಮೇಲೆ ಯಾರು ಎಂದು ಪಾಳಿ ಹಚ್ಚಿದವಳು ನಾನೇ. ನಮ್ಮವರು ಕೊನೆಗಿರಲಿ ಎಂಬ ದೊಡ್ಡಸ್ತಿಕೆಯಿಂದ ಅಕ್ಕನನ್ನು ಕೊನೆಗಿಟ್ಟೆ. ಅವಳು ಸೀರೆಯ ನೆರಿಗೆ ಹಿಡಿಯುವಷ್ಟರಲ್ಲಿ ವ್ಯಾನಿನವನು ಹಾರ್ನ್ ಹೊಡೆಯತೊಡಗಿದ. ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವವಳು ನಾನು. ಮನೆಯಲ್ಲಾದರೆ ಮೊದಲು ಪೂಜೆ, ಆಮೇಲೆ ಸೂಜಿ, ಅದರ ಬೆನ್ನಿಗೇ ನಾಷ್ಟಾ. ಆವತ್ತು ಹೊತ್ತು ಉಳಿಯಲೆಂದು ನಿಂತ ಕಾಲಲ್ಲೇ ಚುಚ್ಚಿಬಿಟ್ಟೆ.

“ಇನ್ನಾ ಪೂಜಿ ಆಗಿಲ್ಲ ಬೇ,” ಎಂದಳು ಅಕ್ಕ.

“ಬೋಟಿನ್ಯಾಗ ಮಾಡ್ಕೊಳ್ಳುವಂತಿ, ನಡಿ.”

ಸೂಜಿ ಚುಚ್ಚಿದ ಮೇಲೆ ಉಣ್ಣದಿದ್ದರೆ ಜೀವಕ್ಕೇ ಕುತ್ತು ಎಂದು ನನಗೆ ಗೊತ್ತಿತ್ತು. ಪೂಜೆಯಾಗದೆ ಅವಳು ಉಣ್ಣುವುದಿಲ್ಲ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಆ ಗಡಿಬಿಡಿಯಲ್ಲಿ ಇರಲಿಲ್ಲ.

ಬೋಟು ಹೊರಟ ಕೂಡಲೇ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದರು, ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟರು. ಅಕ್ಕ ತಟ್ಟೆಯನ್ನು ಬಾಜು ಸರಿಸಿ ಕರಡಿಗೆಯ ಮುಚ್ಚಳ ತೆಗೆದಳು. ಬೋಟು ಒಂದು ಕಡೆ ವಾಲಿತು, ಮುಚ್ಚಿದಳು. ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು.

“ಕೈ ನಿಲ್ಲವಲ್ದು. ದಂಡಿಗೆ ಇಳದ ಮ್ಯಾಲೆ ಮಾಡ್ಕೊತೀನಿ.”

“ಒಂದ್ ಬಾಳಿಹಣ್ಣರ ತಿನ್ನು ಅಕ್ಕಾ. ಸೂಜಿ ಮಾಡೇನಿ ನಿನಗ.”

“ಒಲ್ಲೆ.”

ಆ ಒಲ್ಲೆ ನನಗೆ ಗೊತ್ತು. ಅದರ ಮೇಲೆ ಮಾತಿಲ್ಲ. ಟೀಚರ್‌ಗಳು ಫೋನು ಹಿಡಿದು ನಗುತ್ತಿದ್ದರು, ನಾನು ಅಕ್ಕನ ಮೇಲ್ದುಟಿಯನ್ನೇ ನೋಡುತ್ತಿದ್ದೆ. ಸಕ್ಕರೆ ಇಳಿದರೆ ಮೊದಲು ಅಲ್ಲೇ ಬೆವರು ಕಾಣಿಸಿಕೊಳ್ಳುವುದು. ಮೊದಲ ದಂಡೆ ಬರುವ ಹೊತ್ತಿಗೆ ಕಾಣಿಸಿಕೊಂಡಿತು.

ಬೋಟು ದಂಡೆಯ ತನಕ ಹೋಗುವುದಿಲ್ಲ. ಸೊಂಟದಷ್ಟು ನೀರಿನಲ್ಲಿ ಏಣಿ ಇಳಿಸುತ್ತಾರೆ, ಅಲ್ಲಿಂದ ನಡೆಯಬೇಕು. ಅಕ್ಕ ನನ್ನ ಭುಜ ಹಿಡಿದು ಇಳಿದಳು. ಸೀರೆ ಸುತ್ತಲೂ ಉಬ್ಬಿ ತೇಲಿತು. ಅರವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಷ್ಟು ನೀರಿನಲ್ಲಿ ನಿಂತಿದ್ದಳು. ಯಾರೋ ಬೈದಾರು ಎಂಬಂತೆ ಅತ್ತಿತ್ತ ನೋಡಿ, ಬೊಗಸೆಯಲ್ಲಿ ನೀರೆತ್ತಿ ಚೆಲ್ಲಿ ನಕ್ಕಳು. ಆ ನಗು ನೋಡಿದ್ದಕ್ಕಾದರೂ ಅಲ್ಲಿಗೆ ಹೋದದ್ದು ಸಾರ್ಥಕ ಎಂದು ಒಂದು ಗಳಿಗೆ ಅನ್ನಿಸಿತ್ತು.

“ದಂಡಿ ಮ್ಯಾಲೆ ಕುಂತು ಮಾಡ್ಕೊತೀನಿ,” ಎಂದಳು.

ದಂಡೆ ದೂರವಿತ್ತು. ಅಲ್ಲಿ ಅರೆಬಟ್ಟೆಯ ಗಂಡಸರು ಚೆಂಡಾಡುತ್ತಿದ್ದರು. ಬೋಟಿನವನು ಕೊಟ್ಟದ್ದು ಮುಕ್ಕಾಲು ತಾಸು. ಅವಳ ಬೆವರು ನನ್ನ ತಾಳ್ಮೆ ತಿಂದಿತ್ತು.

“ಅಷ್ಟ ದೂರ ಯಾಕ? ಸುತ್ತ ಮುತ್ತ ನೀರ ಐತಿ. ಇಲ್ಲೇ ನಿಂತು ಮಾಡ್ಕೋ. ಲಿಂಗಕ್ಕೂ ಸಮುದ್ರಸ್ನಾನ ಆಗ್ತೈತಿ.”

ಆ ಮಾತು ಅವಳಿಗೆ ಹಿಡಿಸಿತು. ಅದೇ ನನ್ನನ್ನು ಈಗಲೂ ಸುಡುವುದು. ಕರಡಿಗೆ ತೆರೆದು ಲಿಂಗವನ್ನು ಅಂಗೈಮೇಲಿಟ್ಟುಕೊಂಡು ಬಲಗೈಯಿಂದ ನೀರೆರೆದಳು. ಕಣ್ಣುಗಳು ಅದರ ಮೇಲೆ ನಿಂತವು. ಅಲೆ ಎದುರಿನಿಂದ ಬರುತ್ತದೆಂದು ನಾನು ಸಮುದ್ರದ ಕಡೆಗೇ ನೋಡುತ್ತ ಕಾವಲು ನಿಂತಿದ್ದೆ. ಬಂದ ಅಲೆ ಸಣ್ಣದು, ಸರಿದುಹೋಯಿತು. ವಾಪಸು ಹೋಗುವ ನೀರು ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ ಎಂಬುದು ಕೆರೆಯ ಮೆಟ್ಟಿಲ ಮೇಲೆ ಬೆಳೆದವರಿಗೆ ಹೇಗೆ ತಿಳಿಯಬೇಕು? ಅಕ್ಕ ಕುಸಿದಳು. ನಾನು ಗಾಬರಿಯಿಂದ ಕೈಗೆ ಸಿಕ್ಕ ಕೈ ಹಿಡಿದು ಎಳೆದೆ. ನಾನು ಎಳೆದದ್ದು ಎಡಗೈ.

ಜಾಕೀಟು ಅವಳನ್ನು ತೇಲಿಸಿತು. ಮುಳುಗುತ್ತಿರಲಿಲ್ಲ ಅವಳು. ಎದ್ದು ನಿಂತವಳು ಬರಿದಾದ ಅಂಗೈಯನ್ನೇ ನೋಡಿದಳು. ಬಗ್ಗಿ ನೀರಿನೊಳಗೆ ಕೈಯಾಡಿಸತೊಡಗಿದಳು.

ಬೋಟಿನವನು ಮುಳುಗಿ ಹುಡುಕಿದ. ಕನ್ನಡಕ ಹಾಕಿಕೊಂಡು ಈಜುತ್ತಿದ್ದ ಇಬ್ಬರು ಪ್ರವಾಸಿಗರೂ ಬಂದರು. ಆ ದಂಡೆಯ ಮರಳಿನಲ್ಲೆಲ್ಲ ಸಣ್ಣ ಕರಿಗಲ್ಲು, ಅಲೆ ತಿಕ್ಕಿ ತಿಕ್ಕಿ ನುಣ್ಣಗಾದವು. ಒಂದೊಂದನ್ನೇ ತಂದು ಅಕ್ಕನ ಕೈಗೆ ಕೊಟ್ಟರು. ಅವಳು ನೋಡುತ್ತಲೂ ಇರಲಿಲ್ಲ, ಹೆಬ್ಬೆಟ್ಟಿನಿಂದ ಒಮ್ಮೆ ಸವರಿ ತಲೆಯಲ್ಲಾಡಿಸಿ ನೀರಿಗೆ ಬಿಡುತ್ತಿದ್ದಳು. ಅವಳ ಕೈ ನಡುಗತೊಡಗಿತ್ತು. ಇಬ್ಬರು ಟೀಚರ್‌ಗಳು ಅವಳನ್ನು ಏಣಿಯಿಂದ ಮೇಲೆತ್ತಿ ಬೆಂಚಿನ ಮೇಲೆ ಕೂಡಿಸಿದರು. ನಾನು ಸಕ್ಕರೆ ನೀರು ಕಲಸಿ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡಳು.

“ಲಿಂಗ ಹೋತು. ಇನ್ನ ನಾ ಉಣ್ಣೂದಿಲ್ಲ. ಬಿಟ್ಟಬಿಡು ನನ್ನ,” ಎಂದಳು. ಮಾತು ತೊದಲುತ್ತಿತ್ತು.

ದವಾಖಾನೆ ಮುಟ್ಟಲು ಒಂದೂವರೆ ತಾಸು ಬೇಕು ಎಂದ ಬೋಟಿನವನು. ನಾನು ಮತ್ತೆ ನೀರಿಗಿಳಿದೆ. ಕೈಗೆ ಬಂದವುಗಳಲ್ಲಿ ತಳ ಚಪ್ಪಟೆಯಿದ್ದ ಒಂದು ಕಲ್ಲನ್ನು ಆರಿಸಿದೆ. ಮೇಲೆ ಬಂದು ಅವಳ ಚೀಲದಿಂದ ವಿಭೂತಿ ತೆಗೆದು ಅದರ ಮೇಲೆ ದಪ್ಪಗೆ ಬಳಿದೆ. ಆಗ ನನಗೆ ಅಳು ಬಂತು. ಶಾಲೆಯಲ್ಲಿ ಯಾರೂ ನಾನು ಅತ್ತದ್ದು ಕಂಡಿಲ್ಲ. ಆವತ್ತು ನಾಲ್ವರೆದುರು ಮೂಗು ಸೋರಿಸಿಕೊಂಡು ಅತ್ತೆ.

“ಸಿಕ್ತು ಅಕ್ಕಾ. ನಿಂದ ಐತಿ, ನೋಡು. ಈಗರ ಉಣ್ಣು.”

ಅಕ್ಕ ಅದನ್ನು ಅಂಗೈಗೆ ತೆಗೆದುಕೊಂಡಳು. ಹೆಬ್ಬೆಟ್ಟು ಅದರ ಮೇಲೆ ಒಮ್ಮೆ ಆಡಿತು. ನನ್ನ ಮುಖ ನೋಡಿದಳು. ನೀರೆರೆದು, ಹಣೆಗೆ ಒತ್ತಿಕೊಂಡು, ಕರಡಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದಳು.

“ಏನ್ ಐತಿ ಉಣ್ಣಾಕ?” ಎಂದಳು.

ಮಧ್ಯಾಹ್ನಕ್ಕೆಂದು ಹೋಟೆಲಿನಿಂದ ಕಟ್ಟಿಸಿಕೊಂಡ ಮೊಸರನ್ನವಿತ್ತು. ನಾನು ಕೈಯಾರೆ ತುತ್ತು ಮಾಡಿ ಉಣಿಸಿದೆ. ಅಷ್ಟನ್ನೂ ಉಂಡಳು. ಬೆವರು ಆರಿತು, ನಡುಕ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬೋಟು ಉಳಿದ ಎರಡು ದಂಡೆಗಳಿಗೂ ಹೋಯಿತು. ದವಾಖಾನೆಗೆ ಹೋಗೋಣವೆಂದರೆ ಅಕ್ಕ, “ನನಗ ಆರಾಮ ಐತಿ, ಮಂದಿಗೆ ಯಾಕ ತ್ರಾಸ?” ಎಂದಳು. ಟೀಚರ್‌ಗಳು ಮೊದಲು ಸಂಕೋಚದಿಂದ, ಆಮೇಲೆ ಮರೆತು, ನೀರೆರಚಿಕೊಂಡು ಆಡಿದರು. ಯಾರೋ ಡಾಲ್ಫಿನ್ ಎಂದು ಕೂಗಿದಾಗ ಎಲ್ಲರೂ ಒಂದೇ ಕಡೆ ಓಡಿದರು. ಅಕ್ಕ ಇಂಜಿನ್ನಿನ ಬಾಜು ಕರಡಿಗೆಯ ಮೇಲೆ ಕೈಯಿಟ್ಟು, ನಾವು ಬಿಟ್ಟುಬಂದ ದಂಡೆಯ ಕಡೆಗೇ ನೋಡುತ್ತ ಕುಳಿತಿದ್ದಳು. ಆ ರಾತ್ರಿ ಊರಿಗೆ ವಾಪಸು ಬರುವಾಗ ದಾರಿಯಲ್ಲಿ ಎಲ್ಲರೂ ಊಟಕ್ಕಿಳಿದರೆ ಅವಳು ಹಾಲು ಕೂಡ ಬೇಡವೆಂದಳು. ಮರುದಿನ ನಾನು ಏಳುವ ಮೊದಲೇ ಎದ್ದು ಮಠಕ್ಕೆ ಹೋಗಿಬಂದಳು. ಕಾಯಿ ಒಡೆಸಲು ಹೋಗಿರಬೇಕೆಂದುಕೊಂಡೆ.

ಅಂದಿನಿಂದ ಎರಡು ವಿಷಯ ಬದಲಾದವು. ಪಡಸಾಲೆಯಲ್ಲಿ ಆಗುತ್ತಿದ್ದ ಪೂಜೆ ದೇವರ ಕೋಣೆಗೆ ಹೋಯಿತು, ಕದ ಮುಚ್ಚಿಕೊಂಡಿತು. ನನ್ನ ಮೇಲೆ ಸಿಟ್ಟಿದೆ, ಇರಲಿ ಎಂದು ಸುಮ್ಮನಾದೆ. ಇನ್ನೊಂದು, ಅಕ್ಕ ಅನ್ನ ಬಿಟ್ಟಳು. ಡಾಕ್ಟರು ಹತ್ತು ವರ್ಷದಿಂದ ಬಡಿದುಕೊಂಡರೂ ಬಿಡದವಳು, ರಾತ್ರಿ ಒಂದು ಹಿಡಿ ಮೊಸರನ್ನವಿಲ್ಲದೆ ನಿದ್ದೆ ಬಾರದವಳು, ಜೋಳದ ರೊಟ್ಟಿಯಲ್ಲೇ ಊಟ ಮುಗಿಸತೊಡಗಿದಳು. ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ: ಸಮುದ್ರದ ಗಾಳಿಗೆ ನಮ್ಮಕ್ಕಗ ಬುದ್ಧಿ ಬಂತ್ರಿ, ಅನ್ನ ಬಿಟ್ಟಾಳ. ಅವಳ ಎದುರಿಗೇ ಹೇಳಿದೆ. ಅವಳು ಹೂಂಗುಟ್ಟಿದಳು.

ಎಂಟು ತಿಂಗಳಿಗೆ ಮೂತ್ರಪಿಂಡ ಕೈಕೊಟ್ಟು, ಕಾಲು ಬಾತು, ಹುಬ್ಬಳ್ಳಿಯ ದವಾಖಾನೆಯಲ್ಲಿ ಹೋಗಿಬಿಟ್ಟಳು. ಊರಿಗೆ ತಂದು, ಹೊಲದಲ್ಲಿ ಮಣ್ಣು ಕೊಡಲು ಅಣಿ ಮಾಡಿದೆವು. ಕೂರಿಸುವ ಮೊದಲು ಮಠದ ಈಗಿನ ಅಯ್ಯನವರು ಲಿಂಗ ಕೇಳಿದರು. ಸುಳ್ಳು ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಮುಚ್ಚಬೇಕಾಗಿತ್ತು, ಅದು ನನಗೂ ಆ ನಾಲ್ವರು ಟೀಚರ್‌ಗಳಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕರಡಿಗೆಯನ್ನು ಚಾಚಿದೆ.

“ಅದರಾಗಿಲ್ರಿ ಟೀಚರ್,” ಎಂದು ಅಯ್ಯನವರು ಅಕ್ಕನ ಕೊರಳಿನ ಇನ್ನೊಂದು ದಾರ ಹಿಡಿದು ಕುಪ್ಪಸದ ಒಳಗಿನಿಂದ ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟೊಂದನ್ನು ತೆಗೆದರು. ಅದರೊಳಗೆ ಹೊಸ ಲಿಂಗವಿತ್ತು.

ಅವರೇ ಹೇಳಿದರು.

“ನೀವು ಸಮುದ್ರದಿಂದ ಬಂದ ಮರುದಿನಾನ ಮಠಕ್ಕ ಬಂದಿದ್ರು. ಲಿಂಗ ನೀರಪಾಲಾತು ಅಂದ್ರು. ಹೊಸಾದು ಕಟ್ಟಿದೆ. ಅವರಿಗೆ ಅದರದಲ್ರಿ ಸಂಕಟ. ‘ಲಿಂಗಿಲ್ಲದ ಉಂಡೀನ್ರಿ, ಗೊತ್ತಿದ್ದೂ ಉಂಡೀನಿ, ಪ್ರಾಯಶ್ಚಿತ್ತ ಹೇಳ್ರಿ’ ಅಂದ್ರು. ಜೀವಾ ಉಳಿಸಿಕೊಳ್ಳಾಕ ಉಂಡ್ರ ತಪ್ಪಿಲ್ಲವ್ವಾ ಅಂದೆ. ಕೇಳಲಿಲ್ಲ. ಉಂಡ ಅನ್ನಾನ ಬಿಡ್ತೀನಿ ಅಂತ ತಾವ ನೇಮ ಹಿಡದ್ರು. ತಾವು ಇರೂತನಕ ನಿಮಗ ಹೇಳಬಾರದು ಅಂತ ಮಾತೂ ತಗೊಂಡ್ರು.”

“ಗೊತ್ತಿದ್ದೂ ಯಾಕ ಉಂಡಳಂತ್ರಿ?”

“‘ತಂಗಿ ಅಳಾಕತ್ತಿದ್ಲು, ಅವ್ವ ಸತ್ತಾಗ ಅತ್ತಂಗ’ ಅಂದ್ರು.”

ಅಯ್ಯನವರು ಕರಡಿಗೆ ತೆರೆದು ನೋಡಿದರು. ನಾನು ಆರಿಸಿ ತಂದ ಕಲ್ಲು ಅಲ್ಲೇ ಇತ್ತು, ದಿನಾ ಒರೆಸಿ ಇಟ್ಟಷ್ಟು ಸ್ವಚ್ಛವಾಗಿ. ಇದನ್ನೂ ಒಳಗಿಡೋಣವೇ ಎಂದು ಕೇಳಿದರು.

“ಬ್ಯಾಡ್ರಿ,” ಎಂದೆ. “ಅದು ನಂದು.”

ಈಗ ಆ ಕಲ್ಲು ಅಡುಗೆಮನೆಯ ಗೋಡೆಯ ಮಾಡದಲ್ಲಿದೆ. ನಾನೂ ಅನ್ನ ಬಿಡಬೇಕೆಂದು ಮೂರು ಸಲ ನಿಶ್ಚಯ ಮಾಡಿದೆ, ಮೂರು ಸಲವೂ ವಾರ ತುಂಬುವುದರೊಳಗೆ ಉಂಡೆ. ಅಕ್ಕ ಎಂಟು ತಿಂಗಳು ಹೇಗೆ ಬಿಟ್ಟಿದ್ದಳೋ. ಆ ಎಂಟೂ ತಿಂಗಳು ನಾನು ದಿನಾ ರಾತ್ರಿ ಅವಳೆದುರಿಗೇ ಕುಳಿತು ಮೊಸರನ್ನ ಕಲಸಿಕೊಂಡು ಉಂಡಿದ್ದೇನೆ.