ನಾಣಿಯ ಪಥ್ಯ

ಕೂದಲು ಉದುರುವವರಿಗೆ ಸಲಹೆ ಕೊಡುವುದರಲ್ಲಿ ನಮ್ಮ ಜನ ತೋರಿಸುವ ಧಾರಾಳವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಹೆಸರು ಕೇಳುವ ಮೊದಲೇ ನೆತ್ತಿಯನ್ನು ನೋಡಿ, "ಈರುಳ್ಳಿ ರಸ ಹಚ್ಚಿ ನೋಡಿದ್ರಾ?" ಎನ್ನುತ್ತಾರೆ. ನೋಡಿದೆ ಎಂದುಬಿಡುತ್ತೇನೆ. ಇಲ್ಲವೆಂದರೆ ಇಳಿಯುವವರೆಗೂ ಈರುಳ್ಳಿಯ ಮಹಿಮೆ ಕೇಳಬೇಕಾಗುತ್ತದೆ. ಆದರೂ ನಮ್ಮ ಮನೆಯಲ್ಲಿ ಕೂದಲಿಗಾಗಿ ಅತಿ ಹೆಚ್ಚು ಉಪಚಾರ ಮಾಡಿಸಿಕೊಂಡವನು ನಾನಲ್ಲ, ನಾಣಿ. ನಾಣಿ ಎಂದರೆ ಒಂದು ಮೊಲ.

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯ ಶುಕೂರ್ ಸಾಹೇಬರು ಹಾಸಿಗೆ ಹೊಲಿಸುವ ಅಂಗಡಿ ಇಟ್ಟಿದ್ದರು. "ಎರಡೂ ಗಂಡೇ, ಮರಿಗಿರಿ ತಾಪತ್ರಯ ಇಲ್ಲ" ಎಂದು ಭರವಸೆ ಕೊಟ್ಟು ಒಂದು ಜೊತೆ ಬಿಳಿ ಮೊಲ ಕೊಟ್ಟರು. ಸೀನ, ನಾಣಿ ಎಂದು ಹೆಸರಿಟ್ಟೆವು. ಬಚ್ಚಲ ಪಕ್ಕದ ಮರದ ಪೆಟ್ಟಿಗೆಯಲ್ಲಿ ಇಬ್ಬರೂ ಅಣ್ಣತಮ್ಮಂದಿರಂತೆ, ಬಹುಶಃ ಅದಕ್ಕಿಂತ ಅನ್ಯೋನ್ಯವಾಗಿ, ಬಾಳಿದರು.

ಒಂದು ಬೆಳಿಗ್ಗೆ ನೋಡಿದರೆ ನಾಣಿಯ ಎದೆ, ಹೊಟ್ಟೆಗಳ ಮೇಲೆ ಕೂದಲೇ ಇಲ್ಲ. ಬೇರೆ ಕಾಲದಲ್ಲಾಗಿದ್ದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ಆ ಭಾನುವಾರ ತಂಗಿ ಶಾರದೆಯನ್ನು ನೋಡಲು ಕುಣಿಗಲ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಒಪ್ಪಿಗೆಯೆಂದು ಶಾರದೆ ಬಾಯಿ ಬಿಟ್ಟು ಹೇಳಿರಲಿಲ್ಲ. ಅವನ ಫೋಟೋವನ್ನು ದಿನಕ್ಕೊಮ್ಮೆ ಸೆರಗಿನಿಂದ ಒರೆಸುತ್ತಿದ್ದುದನ್ನು ಮಾತ್ರ ಎಲ್ಲರೂ ನೋಡಿದ್ದೆವು.

"ಬಂದವ್ರು ಇದನ್ನ ನೋಡಿದ್ರೆ ಮನೆ ಮಂದಿಗೆಲ್ಲ ಗಜಕರ್ಣ ಅಂದ್ಕೋತಾರೆ ಕಣ್ರೀ" ಎಂದು ಅಮ್ಮ ಅಪ್ಪನನ್ನು ಎಬ್ಬಿಸಿದಳು.

ಅಪ್ಪ ನಿವೃತ್ತ ಹೆಡ್‌ಮಾಸ್ಟರು. ದನದ ಆಸ್ಪತ್ರೆಯಲ್ಲಿ ಎಮ್ಮೆಗಳ ನಡುವೆ ಮೊಲ ಹಿಡಿದು ನಿಂತರೆ, ಎಮ್ಮೆಗಳ ಹಿಂದೆ ಹಳೆಯ ಶಿಷ್ಯರಿರುತ್ತಾರೆಂಬ ಭಯ. ಹಾಗಾಗಿ ಬಸ್ಸು ಹತ್ತಿ ಗುಬ್ಬಿಯ ನಾಟಿ ಪಂಡಿತರ ಬಳಿಗೆ ಹೋದರು. ಜೊತೆಗೆ ನಾನೂ ಇದ್ದೆ. ಅಲ್ಲಿಯೂ ಮೊಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

"ಯಾರಿಗೆ ಸ್ವಾಮಿ?"

"ಮನೇಲಿ ಒಬ್ರಿಗೆ. ಚಿಕ್ಕ ವಯಸ್ಸು."

"ಊಟ ಹೆಂಗೆ?"

"ಸೊಪ್ಪು ಜಾಸ್ತಿ."

"ನಿದ್ದೆ?"

ಅಪ್ಪ ಸುಳ್ಳು ಹೇಳುವವರಲ್ಲ. "ಕಣ್ಣು ಬಿಟ್ಕೊಂಡೇ ಮಲಗೋದು" ಎಂದರು.

ಪಂಡಿತರ ಮುಖ ಗಂಭೀರವಾಯಿತು. ಪಿತ್ತ ಕೆರಳಿದೆ ಎಂದು ಒಂದು ಸೀಸೆ ಎಣ್ಣೆ ಕೊಟ್ಟರು. ಹಚ್ಚಿ, ಬಿಸಿಲಲ್ಲಿ ಕೂರಿಸಿ, ಸೀಗೆಪುಡಿಯಲ್ಲಿ ನೀರು ಹಾಕಬೇಕು. ಬದನೆಕಾಯಿ, ಒಣಮೀನು, ಕಾಫಿ ಬಿಡಬೇಕು. ಮನಸ್ಸಿಗೆ ಚಿಂತೆ ಹಚ್ಚಿಕೊಳ್ಳಬಾರದು.

ನಾಣಿ ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿತು. ಕಾಫಿಯನ್ನು ಅದು ಹಿಂದೆಯೂ ಮುಟ್ಟಿರಲಿಲ್ಲ. ಎಣ್ಣೆ ಸ್ನಾನವಂತೂ ದೀಪಾವಳಿಯಲ್ಲಿ ನನಗೂ ಅಷ್ಟು ಅಕ್ಕರೆಯಿಂದ ಆದದ್ದಿಲ್ಲ. ಅಮ್ಮ ಅದರ ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನಾಣಿ ಮಾತ್ರ ಉಳಿದ ಕೂದಲನ್ನೂ ಕಳೆದುಕೊಳ್ಳುತ್ತಾ ಹೋಯಿತು.

ಪಂಡಿತರ ಮಗಳನ್ನು ಕೊಟ್ಟಿದ್ದು ಕುಣಿಗಲ್‌ಗೆ, ಅದೂ ಗಂಡಿನ ಮನೆಯ ಬೀದಿಗೆ, ಎಂಬುದು ನಮಗೆ ತಿಳಿದಿರಲಿಲ್ಲ.

ಭಾನುವಾರ ಬಂದವರು ಉಪ್ಪಿಟ್ಟು ಮುಟ್ಟಲಿಲ್ಲ. ಎಲ್ಲರ ಕಣ್ಣೂ ನಮ್ಮ ತಲೆಗಳ ಮೇಲೆ. ಹುಡುಗನ ತಾಯಿ ಶಾರದೆಯನ್ನು ಹತ್ತಿರ ಕೂರಿಸಿಕೊಂಡು, "ಜಡೆ ಬಿಚ್ಚವ್ವ" ಎಂದರು. ಬಿಚ್ಚಿದಳು. ಆಕೆ ಬಾವಿ ಹಗ್ಗ ಪರೀಕ್ಷಿಸುವ ಹಾಗೆ ಎಳೆದು ನೋಡಿದರು. ಶಾರದೆಯ ಕಣ್ಣಲ್ಲಿ ನೀರು ಬಂತೇ ಹೊರತು ಕೂದಲು ಬರಲಿಲ್ಲ.

"ಮತ್ತೆ ಗುಬ್ಬಿಯಿಂದ ಎಣ್ಣೆ ತಂದಿದ್ದು ಯಾರ್ಗೆ?"

"ನಾಣಿಗೆ" ಎಂದರು ಅಪ್ಪ, ನೆಲ ನೋಡುತ್ತಾ.

"ಅದ್ಯಾರು? ಕರೀರಿ, ನೋಡವ."

ಅಪ್ಪ ಬಚ್ಚಲ ಕಡೆ ಹೋದವರು ವಾಪಸು ಬರಲೇ ಇಲ್ಲ. ಕಾದು ಕಾದು ಎಲ್ಲರೂ ಎದ್ದು ಹೋದೆವು. ಅಪ್ಪ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಾಯಿ ತೆರೆದೇ ಇತ್ತು.

"ನಾಣಿ ಹೆತ್ತಿದ್ದಾನೆ ಕಣೇ" ಎಂದರು ಅಮ್ಮನಿಗೆ.

ಮೂಲೆಯಲ್ಲಿ ಬಿಳಿ ಕೂದಲಿನ ಮೆತ್ತನೆಯ ಗೂಡು, ಅದರೊಳಗೆ ಮೈಮೇಲೆ ಒಂದು ಕೂದಲೂ ಇಲ್ಲದ ಕೆಂಪು ಮರಿಗಳು. ಹುಡುಗನ ತಾಯಿ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ನಗತೊಡಗಿದರು. "ಕಾಯಿಲೆ ಏನ್ ಬಂತು! ಮಕ್ಕಳಿಗೆ ಹಾಸಕ್ಕೆ ತನ್ ಮೈ ಕೂದ್ಲು ತಾನೇ ಕಿತ್ಕಂಡೈತೆ." ಆಮೇಲೆ ಎಣ್ಣೆ ಸೀಸೆಯನ್ನೂ ಸೀಗೆಪುಡಿಯ ಡಬ್ಬವನ್ನೂ ನೋಡಿ ಗಂಡನ ಕಡೆ ತಿರುಗಿದರು. "ಮೊಲಕ್ಕೇ ಹಿಂಗೆ ಎಣ್ಣೆನೀರು ಹಾಕೋರು ನಮ್ ಸೊಸೆ ಬಾಣಂತನಕ್ಕೆ ಕಮ್ಮಿ ಮಾಡಾರಾ? ಬುಡಿ, ಉಪ್ಪಿಟ್ಟು ತಿನ್ನವ."

ಶಾರದೆ ಜಡೆ ಹಾಕಿಕೊಳ್ಳುವುದನ್ನೂ ಮರೆತು ಒಳಗೆ ಓಡಿದಳು. ಮದುವೆಯಾಯಿತು. ಮೊಲದ ಮರಿಗಳಲ್ಲಿ ಎರಡು ಅವಳ ಜೊತೆ ಕುಣಿಗಲ್‌ಗೆ ಹೋದವು. ಎರಡೂ ಗಂಡೇ ಎಂದು ಈ ಸಲ ಯಾರೂ ಭರವಸೆ ಕೊಡಲಿಲ್ಲ.

ಉಳಿದ ಎಣ್ಣೆಯನ್ನು ವ್ಯರ್ಥ ಮಾಡಬಾರದೆಂದು ಅಮ್ಮ ಅಪ್ಪನ ತಲೆಗೆ ಹಚ್ಚಿದಳು. ಅಪ್ಪನ ತಲೆ ಆಗಲೇ ಪೂರ್ತಿ ಬೋಳು. ಅದು ಯಾವ ಕಾಯಿಲೆಯಿಂದ ಹಾಗಾಯಿತೆಂದು ಅಲ್ಲಿಯವರೆಗೆ ನಾವ್ಯಾರೂ ಕೇಳಿರಲಿಲ್ಲ. ಆ ದಿನ ಬಿಸಿಲಲ್ಲಿ ಕಣ್ಣು ಮುಚ್ಚಿ ಕೂತ ಅವರನ್ನು ನೋಡಿ ನನಗೆ ಪೆಟ್ಟಿಗೆಯ ಮೂಲೆಯ ಆ ಗೂಡು ನೆನಪಾಯಿತು. ಈಗ ನನಗೂ ಮಕ್ಕಳು, ನನ್ನದೂ ಅದೇ ತಲೆ. ಬಸ್ಸಿನಲ್ಲಿ ಯಾರಾದರೂ ಬಿಡದೆ, "ಹೋದ ಕೂದಲೆಲ್ಲ ಎಲ್ಲಿ ಹೋಯ್ತು ಸಾರ್?" ಎಂದರೆ, "ಗೂಡಿಗೆ ಹಾಕಿದ್ದೀನಿ" ಎನ್ನುತ್ತೇನೆ. ಅವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.